ಹದಿನಾರು ಪುಟದ ತಾಯಿ

ಹಲ್ಲಿನ ಡಾಕ್ಟರು ಆ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ನನ್ನ ಗೋಂದಿನ ಡಬ್ಬಿ ಉರುಳಿತು.

"ಇದನ್ನ ಬರೆದವರು ಒಂದ್ಸಲ ನನ್ನ ಕುರ್ಚಿ ಮೇಲೆ ಬಂದು ಕೂತ್ಕೊಳ್ಲಿ," ಎಂದರು. "ಮರಗಟ್ಟಿಸೋ ಸೂಜಿ ಕೊಡದೇನೇ ಕೋರೆಹಲ್ಲು ಕೀಳ್ತೀನಿ."

ನಾನು ಡಬ್ಬಿ ಎತ್ತಿಟ್ಟು ಚೆಲ್ಲಿದ್ದನ್ನು ಬಟ್ಟೆಯಿಂದ ಒರೆಸಿದೆ. ನನ್ನ ಪಾಲಿಗೆ ಅದೇ ಉತ್ತರ. ಸೋದರಮಾವನ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವುದು ನನ್ನ ಕೆಲಸ. ಡಿಗ್ರಿ ಮುಗಿದ ಮೇಲೆ, ಬೇರೆ ಕೆಲಸ ಸಿಗುವವರೆಗೆ ಎಂದು ಬಂದೆ. ಬೇರೆ ಕೆಲಸಗಳಲ್ಲಿ ಜನರ ಮುಖ ನೋಡಿ ಮಾತಾಡಬೇಕು ಎಂದು ಗೊತ್ತಾದ ಮೇಲೆ ಇಲ್ಲೇ ಉಳಿದೆ. ಇಲ್ಲಿ ಪುಸ್ತಕದ ಬೆನ್ನು ನೋಡಿದರೆ ಸಾಕು.

ಡಾಕ್ಟರಮ್ಮನ ಸಿಟ್ಟಿಗೆ ಕಾರಣವಿತ್ತು. 'ಬೂದಿಗಣ್ಣಿನವನು' ಕಾದಂಬರಿಯ ನಾಲ್ಕು ಭಾಗಗಳು ನಮ್ಮ ಅಂಗಡಿಯ ಕಪಾಟಿನಲ್ಲಿ ಒಂದು ದಿನವೂ ಸುಮ್ಮನೆ ನಿಂತದ್ದಿಲ್ಲ. ಸಾವಿಲ್ಲದೆ, ರಕ್ತ ಕುಡಿದು ಬದುಕಿರುವ ಒಬ್ಬ ಪಿಶಾಚಿ. ಅವನನ್ನು ಪ್ರೀತಿಸುವ ಗಡಿಯಾರ ರಿಪೇರಿಯ ಹುಡುಗಿ. ಆ ಲೋಕದಲ್ಲಿ ಒಂದೇ ಕಟ್ಟಳೆ: ಒಳಗಿರುವವರು ಬಾಯಿಬಿಟ್ಟು 'ಒಳಗೆ ಬಾ' ಎನ್ನದೆ ಅವನು ಯಾರ ಹೊಸ್ತಿಲನ್ನೂ ದಾಟಲಾರ. ನಾಲ್ಕನೆಯ ಭಾಗದ ಕೊನೆಯಲ್ಲಿ ಗಡಿಯಾರದವಳು ಬಾಗಿಲ ಹಿಂದೆ ನಿಂತು, ಹೊರಗಿನಿಂದ ಅವನ ದನಿ ಕೇಳುತ್ತಿರುವಾಗಲೇ, ಆ ಎರಡು ಮಾತು ಆಡದೆ ಚಿಲಕ ಹಾಕುತ್ತಾಳೆ. ಅಲ್ಲಿಗೆ ಮುಗಿಯಿತು. ಬರೆದ ಹೆಂಗಸು ಇನ್ನು ಮುಂದಿನ ಭಾಗ ಬರೆಯುವುದಿಲ್ಲ ಎಂದು ಹೇಳಿಬಿಟ್ಟಳು. ಓದಿದವರೆಲ್ಲ ಅತ್ತರು, ಬೈದರು, ಆಮೇಲೆ ಆ ಚಿಲಕವನ್ನು ತಮ್ಮ ಮನೆಯದೇ ಎನ್ನುವಂತೆ ಕಾಪಾಡಿಕೊಂಡರು.

ಈಗ ಐದನೆಯ ಭಾಗ ಬಂದಿತ್ತು. ಬರೆದವಳ ಅಪ್ಪಣೆಯಿಲ್ಲ, ಪ್ರಕಾಶಕರ ವಿಳಾಸವಿಲ್ಲ, ರಟ್ಟಿನ ಮೇಲೆ 'ಒಬ್ಬ ಅಭಿಮಾನಿ' ಎಂದಷ್ಟೇ. ಬಸ್ ನಿಲ್ದಾಣದ ಬಳಿ ಪ್ಲಾಸ್ಟಿಕ್ ಹಾಳೆ ಹಾಸಿಕೊಂಡು ಮಾರುತ್ತಿದ್ದರು. ಮಾವ ಸದಸ್ಯರ ಕಾಟ ತಾಳಲಾರದೆ ಒಂದು ಪ್ರತಿ ತಂದಿಟ್ಟರು. ಅದರ ಮೊದಲನೆಯ ಪುಟದಲ್ಲೇ ಗಡಿಯಾರದವಳು ಚಿಲಕ ತೆಗೆದು 'ಒಳಗೆ ಬಾ' ಎನ್ನುತ್ತಾಳೆ.

ನಮ್ಮ ಅಂಗಡಿಯಲ್ಲಿ ಒಂದು ರೂಢಿಯಿದೆ. ಪ್ರತಿ ಪುಸ್ತಕದ ಕೊನೆಗೆ ನಾನು ಒಂದು ಖಾಲಿ ಹಾಳೆ ಅಂಟಿಸುತ್ತೇನೆ. ಓದಿದವರು ಅದರಲ್ಲಿ ಪೆನ್ಸಿಲಿನಲ್ಲಿ ಏನು ಬೇಕಾದರೂ ಬರೆಯಬಹುದು. ತೀರಾ ಹೊಲಸಾಗಿದ್ದರೆ ರಬ್ಬರು ಹಿಡಿದು ಅಳಿಸುವುದೂ ನಾನೇ. ಸಾಮಾನ್ಯವಾಗಿ 'ಪರವಾಗಿಲ್ಲ', 'ನಿದ್ದೆ ಬಂತು' ಎಂಬಂಥವೇ ಹೆಚ್ಚು. ಈ ಪುಸ್ತಕಕ್ಕೆ ಮಾತ್ರ ಹಾಳೆಯ ಮೇಲೆ ಹಾಳೆ ಅಂಟಿಸಬೇಕಾಯಿತು. ನಮ್ಮ ಗಡಿಯಾರದವಳ ಕೈಗೆ ಸೌಟು ಕೊಟ್ಟವರ ಕೈಗೆ ಕಜ್ಜಿ ಹತ್ತಲಿ, ಎಂದು ಒಬ್ಬರು. ರಕ್ತ ಕುಡಿಯುವವನಿಗೆ ಅವಳಿ ಮಕ್ಕಳ ಹಾಲಿನ ಬಾಟಲಿ ತೊಳೆಯುವ ಕೆಲಸ ಕೊಟ್ಟಿದ್ದೀರಲ್ಲ, ನಿಮಗೆ ಮನೆಯಲ್ಲಿ ಯಾರೂ ಸಹಾಯ ಮಾಡುವುದಿಲ್ಲವೇ, ಎಂದು ಇನ್ನೊಬ್ಬರು. ಪೆನ್ಸಿಲಿನ ಮೊನೆ ಮುರಿದು ಕಾಗದ ಹರಿಯುವಷ್ಟು ಒತ್ತಿ ಬರೆದದ್ದು ಒಂದೇ ಪದ: ಕಳ್ಳರು.

ಇಷ್ಟೆಲ್ಲವನ್ನೂ ನಾನು ಸ್ವಲ್ಪ ತಾತ್ಸಾರದಿಂದಲೇ ನೋಡುತ್ತಿದ್ದೆ ಎನ್ನಬೇಕು. ಕಾಗದದ ಮೇಲಿನ ಹುಡುಗಿ ಬಾಗಿಲು ತೆಗೆದರೆ ಇವರಿಗೆ ಯಾಕೆ ಹೊಟ್ಟೆಯಲ್ಲಿ ಬೆಂಕಿ ಬೀಳಬೇಕು ಎಂದುಕೊಂಡಿದ್ದೆ. ಪುಸ್ತಕವನ್ನು ಇನ್ನೂ ಬಿಡಿಸಿ ಓದಿರಲಿಲ್ಲ.

"ಅದೆಲ್ಲ ಹಾಳಾಗ್ಲಿ," ಎಂದು ಡಾಕ್ಟರು ಪುಟ ಮಗುಚಿದರು. "ಈ ತಾಯಿ ಯಾರು? ಬೂದಿಗಣ್ಣನಿಗೆ ತಾಯಿ ಎಲ್ಲಿಂದ ಬಂದ್ಳು? 'ಮೂರನೆಯ ಭಾಗದ ಓದುಗರಿಗೆ ನೆನಪಿರುವಂತೆ' ಅಂತೆ. ಮೂರನೇ ಭಾಗ ನಂಗೆ ಬಾಯಿಪಾಠ. ಅದರಲ್ಲಿ ತಾಯಿನೂ ಇಲ್ಲ, ಅತ್ತೆನೂ ಇಲ್ಲ. ಕಿಟಕಿ ಹತ್ರ ಕೂತು ಮಗನ ಅಂಗಿ ಹೊಲಿಯೋ ಮುದುಕಿ ಅಂತೆ."

ನನ್ನ ಕೈಯಲ್ಲಿದ್ದ ಸೂಜಿ ಹಾಗೆಯೇ ನಿಂತಿತು.

ಪಾಳಿ ಮುಗಿಸಿ ಬಂದಿದ್ದ ಬಸ್ ಕಂಡಕ್ಟರು ಮೂಲೆಯ ಸ್ಟೂಲಿನಲ್ಲಿ ಕೂತಿದ್ದರು. ಪ್ರೇಮದ ಕಾದಂಬರಿಗಳನ್ನು ವೃತ್ತಪತ್ರಿಕೆಯ ಹೊದಿಕೆ ಹಾಕಿಯೇ ಒಯ್ಯುವ ಮನುಷ್ಯ. ಅವರು ಮೆಲ್ಲಗೆ, ಆ ಮುದುಕಿಯ ಭಾಗ ಮೊದಲಲ್ಲಿ ಚೆನ್ನಾಗಿಯೇ ಇದೆ, ಆಮೇಲೆ ಕೆಡಿಸಿದ್ದಾರೆ ಎಂದರು. ಡಾಕ್ಟರು ನೋಡಿದ ನೋಟಕ್ಕೆ ಅವರು ತಮ್ಮ ಪುಸ್ತಕದ ಹೊದಿಕೆ ಸರಿಮಾಡಿಕೊಳ್ಳತೊಡಗಿದರು.

ಇಬ್ಬರೂ ಹೋದ ಮೇಲೆ ಪುಸ್ತಕ ಬಿಡಿಸಿದೆ. ಆ ತಾಯಿಯನ್ನು ಹುಡುಕಬೇಕಾಗಲಿಲ್ಲ.

ಅವಳು ನನ್ನವಳು.

ನಾನು ಹೈಸ್ಕೂಲಿನಲ್ಲಿದ್ದಾಗ ಅಕ್ಕ ಕಣ್ಣಿನ ಸೋಂಕಿನಿಂದ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಬೇಸರ ಕಳೆಯಲು ನಾನು ಮೂರನೆಯ ಭಾಗವನ್ನು ಅವಳಿಗೆ ಓದಿ ಹೇಳುತ್ತಿದ್ದೆ. ಮಾವನ ಅಂಗಡಿಯದೇ ಪ್ರತಿ. ನಡುವೆ ಒಂದು ಮಡಿಕೆ, ಹದಿನಾರು ಪುಟ, ಹೊಲಿಗೆ ಬಿಚ್ಚಿ ಎಲ್ಲೋ ಬಿದ್ದುಹೋಗಿತ್ತು. ಬೂದಿಗಣ್ಣಿನವನು ಹಳೆಯ ಮನೆಯೊಂದರ ಮುಂದೆ ನಿಂತಿದ್ದಾನೆ. ಪುಟ ತಿರುವಿದರೆ ಇನ್ನೊಂದು ಊರಿನಲ್ಲಿದ್ದಾನೆ. ಅಕ್ಕ "ಆಮೇಲೆ?" ಎಂದಳು. ಪುಟ ಇಲ್ಲ ಎಂದು ಹೇಳುವ ಬದಲು ನನ್ನ ಬಾಯಿ ಓದುತ್ತಲೇ ಹೋಯಿತು.

ಆ ಮನೆಯಲ್ಲಿ ಅವನ ತಾಯಿ ಇದ್ದಳು. ದಿನಾ ಸಂಜೆ ಕಿಟಕಿಯ ಬಳಿ ಕೂರುತ್ತಿದ್ದಳು. ಹರಿದ ಅಂಗಿಯನ್ನು ಅವನು ಸರಳುಗಳ ನಡುವಿನಿಂದ ಒಳಗೆ ಕೊಡುತ್ತಿದ್ದ. ಅವಳು ಹೊಲಿದು ಹೊರಗೆ ಕೊಡುತ್ತಿದ್ದಳು. ಯಾರ ಮನೆಯಲ್ಲಿ ಏನಾಯಿತು, ಯಾವ ಬಾವಿ ಬತ್ತಿತು, ಎಲ್ಲ ಹೇಳುತ್ತಿದ್ದಳು. ಪ್ರತಿ ಸಲವೂ ಅವನು 'ಒಳಗೆ ಬರಲಾ ಅಮ್ಮ?' ಎಂದು ಕೇಳುತ್ತಿದ್ದ. ಪ್ರತಿ ಸಲವೂ ಅವಳು 'ಚಳಿ ಇದೆ, ಕಾಲರು ಮೇಲೆತ್ತಿಕೋ' ಎನ್ನುತ್ತಿದ್ದಳು. ಅವನೇನಾಗಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಬಾಗಿಲು ತೆಗೆಯಲಿಲ್ಲ, ಕಿಟಕಿ ಮುಚ್ಚಲೂ ಇಲ್ಲ.

ಕೆಲವು ವರ್ಷಗಳ ನಂತರ ಪೂರ್ತಿ ಪ್ರತಿಯೊಂದು ಕೈಗೆ ಬಂತು. ನಿಜವಾದ ಹದಿನಾರು ಪುಟಗಳಲ್ಲಿ ಕುದುರೆಗಾಡಿಯ ಓಟವೊಂದಿತ್ತು, ಅಷ್ಟೇ. ನನ್ನದೇ ಮೇಲು ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಅಕ್ಕನಂತೂ ಒಂದು ಪುಸ್ತಕವನ್ನು ಎರಡು ಸಲ ಮುಟ್ಟುವವಳಲ್ಲ. ಆ ತಾಯಿ ನನ್ನೊಳಗೇ ಉಳಿದಳು. ಇಂಟರ್ವ್ಯೂಗಳಲ್ಲಿ ನಾಲಿಗೆ ಅಂಟಿಕೊಂಡಾಗ, ಮದುವೆಮನೆಗಳಲ್ಲಿ ಗೋಡೆಗೆ ಒತ್ತಿಕೊಂಡು ನಿಂತಾಗ, ಒಳಗೊಂದು ಕಿಟಕಿಯ ಬಳಿ ಅವಳು ಕೂತಿರುತ್ತಿದ್ದಳು. ನನಗೆ ಪೂರ್ತಿ ನನ್ನದು ಎನ್ನಲು ಇದ್ದದ್ದು ಅವಳೊಬ್ಬಳೇ.

ಈ ಪುಸ್ತಕದಲ್ಲಿ ಅವಳನ್ನೂ ಪಿಶಾಚಿ ಮಾಡಿ ಬದುಕಿಸಿಕೊಂಡಿದ್ದರು. ಬಾಗಿಲು ತೆಗೆಸಿದ್ದರು. ಸೊಸೆಯೊಂದಿಗೆ ಕಣ್ಣು ಮಿಟುಕಿಸಿ ತಮಾಷೆ ಮಾಡಿಸಿದ್ದರು. ತೊಟ್ಟಿಲು ತೂಗುತ್ತ ಅವಳು ಮಗನಿಗೆ ಹೇಳುತ್ತಿದ್ದಳು: ಅಷ್ಟು ಕಾಲ ಬಾಗಿಲು ತೆಗೆಯದಿದ್ದದ್ದು ನನ್ನ ತಪ್ಪು, ಕ್ಷಮಿಸು.

ಕ್ಷಮಿಸು ಎಂಬ ಆ ಪದವನ್ನು ನೋಡಿದಾಗ ಡಾಕ್ಟರು ಮೇಜಿಗೆ ಕುಕ್ಕಿದ್ದು ಕಡಿಮೆಯಾಯಿತು ಅನ್ನಿಸಿತು. ನನ್ನ ಈ ತಾಯಿಯ ಕಥೆ ಕೇಳಿದವಳು ಈ ಜಗತ್ತಿನಲ್ಲಿ ಒಬ್ಬಳೇ, ಅಕ್ಕ.

ಅಕ್ಕ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬೇರೆಯವರ ಪ್ರಬಂಧ, ಕರಪತ್ರ, ಮನೆ ಬಾಡಿಗೆಯ ಕರಾರು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕುಟ್ಟಿ ಕೊಡುವುದು. ಸಂಜೆ ಹೋದಾಗ ಯಾವನೋ ಗಿರಾಕಿಗೆ, ನಿಮ್ಮ ಅಕ್ಷರಕ್ಕಿಂತ ಇರುವೆ ಸಾಲೇ ವಾಸಿ ಎಂದು ಬೈಯುತ್ತಿದ್ದಳು. ಅವನು ನಗುತ್ತ ಹೋದ. ಅವಳು ಬೈದರೂ ಜನ ನಗುತ್ತಾರೆ. ನಾನು ನಮಸ್ಕಾರ ಹೇಳಿದರೂ ಅವರಿಗೆ ಕೇಳಿಸುವುದಿಲ್ಲ.

ಪುಸ್ತಕವನ್ನು ಅವಳ ಕೀಲಿಮಣೆಯ ಮೇಲಿಟ್ಟೆ.

ಅವಳು ಮುಚ್ಚಿಡಲಿಲ್ಲ. ಮುಖ ಅರಳಿತು. ಟೈಪಿಂಗ್ ಅಂಗಡಿಯ ಯಜಮಾನನೇ ಅಚ್ಚು ಹಾಕಿಸಿ ಮಾರಲೆಂದು ಬರೆಯಲು ಹೇಳಿದ್ದು, ಊಟದ ಬಿಡುವಿನಲ್ಲಿ ಕೂತು ಬರೆದದ್ದು, ತನ್ನ ಬೆರಳುಗಳಿಂದ ಕೊನೆಗೂ ತನ್ನದೇ ಒಂದು ಸಾಲು ಹೊರಬಂದದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಡಾಕ್ಟರಮ್ಮ ಹಲ್ಲು ಕೀಳುತ್ತೇನೆ ಎಂದದ್ದನ್ನು ಹೇಳಿದೆ. ಜನ ಬೈಯುತ್ತಿರುವುದು ಗೊತ್ತಂತೆ. ಬೈಯುವವರೇ ಕೊಂಡು ಓದುವುದು ಎಂದು ನಕ್ಕಳು.

"ನಾನೇ ಅಂತ ಹೇಗೆ ಕಂಡುಹಿಡಿದೆ ಪುಟ್ಟಿ?"

"ತಾಯಿ," ಎಂದೆ. "ಮೂರನೇ ಭಾಗದಲ್ಲಿ ತಾಯಿ ಇಲ್ಲ. ಆ ಪುಟ ಬಿದ್ದುಹೋಗಿತ್ತು. ಅದು ನಾನು ಹೇಳಿದ್ದು."

ಅಕ್ಕ ಮೊದಲು ನಂಬಲಿಲ್ಲ. ಆಮೇಲೆ ನಂಬಿದಳು, ಅವಳ ನಗು ಒಂದೊಂದೇ ಎಳೆಯಾಗಿ ಬಿಚ್ಚಿ ಹೋಗುವುದನ್ನು ನೋಡಿದೆ.

"ನಾನು ಈ ಪುಸ್ತಕ ಬರೆದಿದ್ದೇ ಅವಳಿಗೋಸ್ಕರ ಕಣೇ," ಎಂದಳು. "ಕಣ್ಣಿಗೆ ಬಟ್ಟೆ ಕಟ್ಕೊಂಡು ಮಲಗಿದ್ದಾಗ ಆ ಬಟ್ಟೆ ಬರೀ ನೀರಿಂದ ಒದ್ದೆ ಆಗಿರ್ಲಿಲ್ಲ. ಅವನು ದಿನಾ ಕೇಳ್ತಾನೆ, ಅವಳು ಒಂದು ದಿನವೂ ಕರೆಯಲ್ಲ. ಇಷ್ಟು ವರ್ಷ ನನಗೆ ಅದು ತಡ್ಕೊಳ್ಳೋಕೆ ಆಗ್ಲಿಲ್ಲ. ಒಂದ್ಸಲ ಕರೀಲಿ ಅಂತ ಬರೆದೆ. ಅದರಲ್ಲಿ ಏನು ತಪ್ಪು?"

ಆ ಮಾತಿಗೆ ನನ್ನ ಕೋಪ ಇಳಿಯಬೇಕಿತ್ತು. ನನ್ನ ಕಥೆಗೆ ಅತ್ತವಳು ಎದುರಿಗೇ ಕೂತಿದ್ದಳು. ಇಳಿಯಲಿಲ್ಲ, ಇನ್ನೂ ಏರಿತು. ಅಷ್ಟು ಚೆನ್ನಾಗಿ ಕೇಳಿಸಿಕೊಂಡವಳೇ ಹೀಗೆ ಮಾಡಿದಳಲ್ಲ.

"ಅವಳು ಕ್ಷಮೆ ಕೇಳಲ್ಲ," ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಸತ್ತರೂ ಕೇಳಲ್ಲ. ನಿಂಗೆ ಅಳು ಬಂತು ಅಂತ ಅವಳನ್ನ ಬದಲಾಯಿಸೋಕೆ ನೀನು ಯಾರು?"

"ನಿಂದು ಅಂತ ನಂಗೆ ಗೊತ್ತಿತ್ತಾ?"

"ಬೇರೆಯವರದು ಅಂತ ಗೊತ್ತಿತ್ತಲ್ಲ."

ಸಿಕ್ಕಿಬಿದ್ದಾಗ ಅಕ್ಕ ಮಾಡುವುದನ್ನೇ ಮಾಡಿದಳು, ಚುಚ್ಚಿದಳು. ಹಾಗಾದರೆ ಹೋಗಿ ನಿನ್ನ ಡಾಕ್ಟರಮ್ಮನಿಗೆ ಹೇಳು, ತಾಯಿ ನನ್ನದು ಎಂದು. ಪುಸ್ತಕವನ್ನೂ ನೀನೇ ಬರೆದದ್ದು ಎಂದುಕೊಂಡು ನಿನ್ನ ಹಲ್ಲೇ ಮೊದಲು ಕೀಳುತ್ತಾರೆ, ಎಂದಳು. ನಾಲ್ಕು ಜನರ ಮುಂದೆ ನಿನ್ನ ಹೆಸರು ಹೇಳುವುದಕ್ಕೇ ಬೆವರುವವಳು ನೀನು, ಎಂದೂ ಸೇರಿಸಿದಳು. ನಿಜವೇ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ನಿಜವನ್ನು ಹಲ್ಲು ಕಚ್ಚಿ ಅಗಿದೆ.

ಮಾರನೆಯ ದಿನ ಮಾವ ಬ್ಯಾಂಕಿಗೆ ಹೋದಾಗ ಆ ಪುಸ್ತಕವನ್ನು ನನ್ನ ಮೇಜಿಗೆ ತಂದುಕೊಂಡೆ. ಹೊಲಿಗೆಯಿಲ್ಲದ, ಬರೀ ಗೋಂದಿನ ಕಟ್ಟು. ಬೆನ್ನನ್ನು ಹಿಂದಕ್ಕೆ ಬಾಗಿಸಿ ಚೂರಿ ಆಡಿಸಿದರೆ ಹಾಳೆಗಳು ತಾವಾಗಿಯೇ ಕಳಚಿ ಬಂದವು. ತಾಯಿ ಇರುವ ಅಧ್ಯಾಯವನ್ನು ಬೇರೆ ಮಾಡಿದೆ. ಉಳಿದದ್ದನ್ನು ಜೋಡಿಸಿ, ದಬ್ಬಣದಿಂದ ತೂತು ಹಾಕಿ ಹೊಲಿಯತೊಡಗಿದೆ. ದಾರ ಎಳೆದ ಸಿಟ್ಟಿಗೆ ಬೆರಳಿನಲ್ಲಿ ಗೆರೆ ಮೂಡಿತು.

ಡಾಕ್ಟರು ಬಂದರು, ಹಿಂದೆಯೇ ಕಂಡಕ್ಟರು. ಬೇರೆ ಇಟ್ಟ ಹಾಳೆಗಳನ್ನು ಡಾಕ್ಟರು ನೋಡಿದರು. ಒಳ್ಳೆಯ ಕೆಲಸ, ಆ ಮುದುಕಿಯ ಪುಟಗಳನ್ನು ಕಸದ ಬುಟ್ಟಿಗೆ ಹಾಕು ಎಂದರು.

"ಹಾಕಲ್ಲ," ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು. ಈ ಮೂಲೆಯಿಂದ ಮಾತು ಬರುತ್ತದೆ ಎಂದು ಅವರು ತಿಳಿದೇ ಇರಲಿಲ್ಲ. ಬೆವರು ಬಂತು. ಬರಲಿ.

"ಆ ತಾಯಿ ನನ್ನವಳು. ಪುಸ್ತಕ ನನ್ನದಲ್ಲ. ಇದರಲ್ಲಿ ಇವರು ಅವಳನ್ನ ಕೆಡಿಸಿದಾರೆ."

ಡಾಕ್ಟರ ಹುಬ್ಬು ಗಂಟಾಯಿತು. ಹಾಗಿದ್ದರೆ ಬರೆದವರು ಯಾರೆಂದು ನಿನಗೆ ಗೊತ್ತು ಎಂದರು. ಗೊತ್ತು, ಅದನ್ನು ಬರೆದವರೇ ಹೇಳಬೇಕು, ನಾನು ಹೇಳುವುದು ನನ್ನದನ್ನು ಮಾತ್ರ ಎಂದೆ. ಅವರ ಕಣ್ಣಿನಲ್ಲಿ ಅನುಮಾನ ಕಂಡಿತು. ಅಕ್ಕ ಹೇಳಿದಂತೆಯೇ ಆಗುತ್ತಿತ್ತು. ಆದರೆ ಸುಮ್ಮನಾದರೆ ಆ ಮುದುಕಿ ತೊಟ್ಟಿಲು ತೂಗುತ್ತ ಕ್ಷಮೆ ಕೇಳುತ್ತಲೇ ಇರುತ್ತಾಳೆ.

ಅದಕ್ಕೇ ಹೇಳತೊಡಗಿದೆ. ಹಳೆಯ ಮನೆ, ಸರಳಿನ ಕಿಟಕಿ, ಹರಿದ ಅಂಗಿ. ಮೊದಲ ಸಾಲುಗಳು ತೊದಲಿದವು. ಆಮೇಲೆ, ಅಂದು ಹಾಸಿಗೆಯ ಪಕ್ಕದಲ್ಲಿ ಆದಂತೆಯೇ, ಬಾಯಿ ತಾನಾಗಿ ನಡೆಯಿತು. ಕಂಡಕ್ಟರು ಸ್ಟೂಲು ಎಳೆದುಕೊಂಡರು. ಡಾಕ್ಟರು ನಿಂತೇ ಇದ್ದರು. ಕೈಚೀಲವನ್ನು ಮಾತ್ರ ಮೇಜಿನ ಮೇಲಿಟ್ಟರು. ಅನುಮಾನ ಹೋಗಿರಲಿಲ್ಲ, ಆದರೆ ಕೇಳುತ್ತಿದ್ದರು.

ಸ್ವಲ್ಪ ಹೊತ್ತಿಗೆ ಕಂಡಕ್ಟರು ಬಾಗಿಲ ಕಡೆ ಕತ್ತು ಹೊರಳಿಸಿದರು.

"ಯಾರೋ ಹೊರಗೆ ನಿಂತಿದಾರಲ್ಲ. ಆಗಿನಿಂದ ನಿಂತಿದಾರೆ."

ನೋಡಿದೆ. ಮೆಟ್ಟಿಲ ಕೆಳಗೆ ಅಕ್ಕ. ಟೈಪಿಂಗ್ ಅಂಗಡಿಯಿಂದ ಬಿಡುವಿನಲ್ಲಿ ಓಡಿ ಬಂದವಳು, ಕೊರಳಲ್ಲಿ ಇನ್ನೂ ಗುರುತಿನ ಚೀಟಿ. ಎಂದೂ ಕೇಳದೆ ನುಗ್ಗುವವಳು ಅಂದು ಹೊಸ್ತಿಲಿಗೆ ಕಾಲಿಡದೆ ನಿಂತಿದ್ದಳು.

"ಒಳಗೆ ಬರ್ಲಾ?" ಎಂದಳು. ಅಷ್ಟು ಸಣ್ಣ ದನಿ ಅವಳಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

"ಒಳಗೆ ಕರೀಬಾರ್ದಾ, ಬಿಸಿಲಲ್ಲಿ ನಿಂತಿದಾರೆ," ಎಂದರು ಕಂಡಕ್ಟರು.

ಕೋಪ ಎದೆಯಲ್ಲಿ ಇದ್ದಲ್ಲೇ ಇತ್ತು, ಕೆಂಡದಂತೆ. ಎದ್ದು ಹೋಗಿ ಬಾಗಿಲು ಮುಚ್ಚಬಹುದಿತ್ತು. ಎದ್ದೆ. ಬೀದಿಯ ಕಡೆಯ ಕಿಟಕಿಯನ್ನು ಪೂರ್ತಿ ತೆರೆದೆ.

"ಆ ಕಡೆ ನೆರಳಿಗೆ ನಿಂತ್ಕೋ," ಎಂದೆ. "ಅಲ್ಲಿಂದಲೇ ಕೇಳಿಸುತ್ತೆ."

ಬಂದು ಕೂತು ದಾರ ಕೈಗೆತ್ತಿಕೊಂಡೆ. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಯಾರೂ ನೆನಪಿಸಬೇಕಾಗಲಿಲ್ಲ. ದನಿ ಏರಿಸಿ, ಬೀದಿಗೂ ಕೇಳಿಸುವಂತೆ, ಮುಂದಿನ ಸಾಲು ಹೇಳಿದೆ.