ಡಬ್ಬಾ ಟಿ.ವಿ.ಯ ಸಾಕ್ಷಿ

ಚಂದ್ರಾಮನ ಬಲಗೈ ಮೇಲೆ ಅನುಮಾನ ಬಂದಿತ್ತು. ಬೇರೆಯವರಿಗೆ ಬಂದಿದ್ದರೆ ಅವನು ಜಗಳಾಡಿ ಗೆಲ್ಲುತ್ತಿದ್ದ. ಆದರೆ ಈ ಸಲ ಅನುಮಾನ ಅವನಿಗೇ ಬಂದಿತ್ತು.

ಚಿತ್ತಾಪುರದ ಕಡೆಯ ಒಂದು ಸುಣ್ಣಕಲ್ಲಿನ ಗಣಿಯಲ್ಲಿ ಅವನದು ಹದಿನೆಂಟು ವರ್ಷದ ನೌಕರಿ. ಕಲ್ಲು ಅರೆಯುವ ಯಂತ್ರದ ಬಾಯಿಗೆ ದೊಡ್ಡ ಬಂಡೆ ಸಿಕ್ಕಿಕೊಂಡರೆ ಕಬ್ಬಿಣದ ತೋಳಿನಿಂದ ಕುಟ್ಟಿ ಒಡೆಯುವುದು ಅವನ ಕೆಲಸ. ಅವನು ಕೂರುವುದು ಮಾತ್ರ ದೂರದಲ್ಲಿ, ಕಿಟಕಿಯಿಲ್ಲದ ಕ್ಯಾಬಿನ್ನಿನೊಳಗೆ. ಎದುರಿಗೆ ಪರದೆ, ಕೈಯಲ್ಲಿ ಹಿಡಿಕೆ, ಪಕ್ಕದಲ್ಲಿ ದಿನವಿಡೀ ಕರಕರ ಎನ್ನುವ ವಾಕಿಟಾಕಿ. ಹನ್ನೆರಡು ದಿನದ ಹಿಂದೆ ಜೊತೆಗಾರ ಭೀಮಾಶಂಕರ ಕಳಚಿದ ಸರಪಳಿ ಸಿಕ್ಕಿಸಲು ಯಂತ್ರದ ಬಾಯಿಯ ಅಂಚಿಗೆ ಬಂದಿದ್ದ. ಪರದೆಯ ಮೇಲೆ ಅವನ ಹಳದಿ ಹೆಲ್ಮೆಟ್ ಕಂಡದ್ದೇ ತಡ, ಚಂದ್ರಾಮ ಹಿಡಿಕೆಯನ್ನು ಹಿಂದಕ್ಕೆಳೆದ. ಅಷ್ಟರಲ್ಲಿ ತೋಳು ಬಿದ್ದಾಗಿತ್ತು. ಸಿಡಿದ ಕಲ್ಲಿಗೆ ಭೀಮಾಶಂಕರನ ಎಡಗಾಲಿನ ಎರಡು ಬೆರಳು ಹೋದವು.

"ನಿನ್ನ ಕೈ ನಿಧಾನ ಆಗ್ಯಾದ ಚಂದ್ರಾಮ," ಎಂದಿದ್ದರು ಗಣಿಯ ಸಾಹೇಬರು. "ಸೋಮವಾರ ವಿಚಾರಣಿ ಅದ. ಆವತ್ತು ನಿನ್ನ ಕೈಯಿಂದ ಹಿಡಿಕಿ ಕಸ್ಕೋಬೇಕಾಗ್ತದ. ಮನಸ್ಸು ಗಟ್ಟಿ ಮಾಡ್ಕೊಂಡು ಬಾ."

ಕಂಡ ಕೂಡಲೇ ಎಳೆದೆ ಎಂದು ಅವನು ಹನ್ನೆರಡು ದಿನ ಸಿಕ್ಕವರಿಗೆಲ್ಲ ಹೇಳಿದ್ದ. ಹೆಂಡತಿ ಅನಸುಬಾಯಿ ನಂಬಿದ್ದಳು. ಅವನಿಗೇ ಪೂರ್ತಿ ನಂಬಿಕೆ ಉಳಿದಿರಲಿಲ್ಲ. ಅನ್ನ ಕಲಸುವಾಗಲೂ ಬೆರಳುಗಳನ್ನೇ ನೋಡುತ್ತ ಕೂತಿರುತ್ತಿದ್ದ.

ಭಾನುವಾರ ಮಧ್ಯಾಹ್ನ ಹತ್ತಿರದ ವಾಡಿ ಪಟ್ಟಣಕ್ಕೆ ಹೋದ. ಸ್ಟೇಷನ್ ರಸ್ತೆಯಲ್ಲಿ ಗುಲಾಮ ದಸ್ತಗೀರನ ಟಿ.ವಿ. ರಿಪೇರಿ ಅಂಗಡಿ. ಮೂವತ್ತು ವರ್ಷದ ಹಿಂದೆ ಅದೇ ಜಾಗದಲ್ಲಿ ದಸ್ತಗೀರ ನಾಲ್ಕು ವಿಡಿಯೋ ಗೇಮ್ ಮಶೀನು ಇಟ್ಟಿದ್ದ. ಮುರುಕು ಸೇತುವೆಯ ಮೇಲೆ ಹಲಗೆಯಿಂದ ಹಲಗೆಗೆ ಜಿಗಿಯುವ ಆಟದಲ್ಲಿ ಚಂದ್ರಾಮ ಒಂದೇ ಜೀವದಲ್ಲಿ ಕೊನೆ ಮುಟ್ಟುತ್ತಿದ್ದ. ಶಹಾಬಾದಿನಿಂದಲೂ ಹುಡುಗರು ರೈಲು ಹತ್ತಿ ನೋಡಲು ಬರುತ್ತಿದ್ದರು. ಈಗ ಮಶೀನುಗಳು ಗುಜರಿ ಸೇರಿವೆ. ಹಳೆ ಮೋಹ ಬಿಡದ ದಸ್ತಗೀರ ಆ ಆಟಗಳನ್ನೆಲ್ಲ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಲ್ಲಿ ತುಂಬಿ, ಮಶೀನಿನ ಹಳೆಯ ಹಿಡಿಕೆ, ಗುಂಡಿಗಳನ್ನೇ ಅದಕ್ಕೆ ಜೋಡಿಸಿಕೊಂಡಿದ್ದ.

"ಸೇತುವಿ ಆಟ ಹಚ್ಚು. ನನ್ನ ಕೈ ನೋಡಬೇಕಾಗ್ಯಾದ," ಎಂದ ಚಂದ್ರಾಮ.

ಗೋಡೆಯ ಮೇಲಿನ ದೊಡ್ಡ ಹೊಸ ಟಿ.ವಿ.ಯಲ್ಲಿ ಆಟ ಶುರುವಾಯಿತು. ಮೂರನೇ ಹಲಗೆಗೇ ಬಿದ್ದ. ಮತ್ತೆ ಆಡಿದ, ಮತ್ತೆ ಬಿದ್ದ. ಗುಂಡಿ ಒತ್ತಿದ ಮೇಲೆ ಆ ಗೊಂಬೆ ಒಂದು ಕ್ಷಣ ಯೋಚನೆ ಮಾಡಿ ಜಿಗಿಯುವ ಹಾಗಿತ್ತು. ಏಳನೆಯ ಸಲ ಬಿದ್ದಾಗ ಅವನ ಕಣ್ಣು ತುಂಬಿ ಬಂತು. ಸಾಹೇಬರು ಹೇಳಿದ್ದೇ ಖರೆ, ಭೀಮಾಶಂಕರನ ಕಾಲು ತಿಂದದ್ದು ಈ ಕೈಯೇ ಎಂದುಕೊಂಡ. ಹಿಡಿಕೆ ಬಿಟ್ಟು ಎದ್ದ.

"ಎಲ್ಲಿ ಹೊಂಟಿ? ಕುಂದ್ರು," ಎಂದು ದಸ್ತಗೀರ ಗದರಿಸಿದ. "ಆ ಟಿ.ವಿ.ಯಾಗ ಆಡಿದ್ರ ನಾನೂ ಬೀಳ್ತೀನಿ."

ಮೂಲೆಯಲ್ಲಿ ಧೂಳು ಹೊದ್ದು ಕೂತಿದ್ದ ಹಳೆ ಕಾಲದ ಡಬ್ಬಾ ಟಿ.ವಿ.ಯನ್ನು ಮೇಜಿನ ಮೇಲೆತ್ತಿ, ಬೋರ್ಡಿನ ವೈರು ಅದಕ್ಕೆ ಚುಚ್ಚಿದ. ಅದೇ ಆಟ, ಅದೇ ಗುಂಡಿ. ಚಂದ್ರಾಮ ಮನಸ್ಸಿಲ್ಲದ ಮನಸ್ಸಿನಿಂದ ಕೂತ. ಮೂರನೇ ಹಲಗೆ ದಾಟಿದ. ಹತ್ತು ದಾಟಿದ. ಉಸಿರು ಬಿಗಿಹಿಡಿದಿದ್ದ. ನಲವತ್ತನೆಯ ಹಲಗೆ ದಾಟಿ ಸೇತುವೆ ಮುಗಿದಾಗಲೇ ಬೆನ್ನು ಸಡಿಲವಾದದ್ದು.

"ಚಾ ಆರಿ ನೀರಾತು. ಮೂರು ಸಲ ಕೂಗೀನಿ," ದಸ್ತಗೀರ ನಕ್ಕ. "ಆಗೂ ಹಿಂಗೇ ಇದ್ದಿ ನೀ. ಹಿಂದ ನಿಂತು ಹುಡುಗರು ಎಷ್ಟು ಒದರಿದ್ರೂ ಕಿವಿಗೆ ಹಾಕ್ಕೋತಿರಲಿಲ್ಲ. ಅದಕ್ಕೇ ಗೆಲ್ತಿದ್ದಿ."

ಕಿವಿಗೆ ಹಾಕ್ಕೋತಿರಲಿಲ್ಲ ಎಂಬ ಮಾತು ಚಂದ್ರಾಮನಿಗೆ ಚುಚ್ಚಿತು. ಆದರೆ ಗೆದ್ದ ಖುಷಿ ದೊಡ್ಡದಿತ್ತು. ಅದನ್ನು ಅಲ್ಲೇ ಬಿಟ್ಟ.

ದಸ್ತಗೀರ ಬಾಯಿಮಾತಿಗೆ ನಿಲ್ಲುವ ಆಸಾಮಿಯಲ್ಲ. ಸೆಕೆಂಡಿಗೆ ಇನ್ನೂರಾ ನಲವತ್ತು ಚಿತ್ರ ತೆಗೆಯುವ ಮೊಬೈಲಿನಲ್ಲಿ ಗುಂಡಿ ಒತ್ತುವ ಬೆರಳು, ಪರದೆ ಎರಡೂ ಕಾಣುವಂತೆ ವಿಡಿಯೋ ಹಿಡಿದ. ಬೆರಳು ಒತ್ತಿದ ಮೇಲೆ ಗೊಂಬೆಯ ಕಾಲು ಏಳುವವರೆಗೆ ಒಂದೊಂದೇ ಚಿತ್ರ ಸರಿಸುತ್ತ ಎಣಿಸಿದ. ಡಬ್ಬಾ ಟಿ.ವಿ.ಯಲ್ಲಿ ಹನ್ನೆರಡು. ಹೊಸದರಲ್ಲಿ ನಲವತ್ತೊಂದು.

"ಹೊಸಾದು ಚಿತ್ರಕ್ಕ ಪೌಡರ್ ಹಚ್ಚಿ, ತಲಿ ಬಾಚಿ ಹೊರಗ ಬಿಡ್ತದ, ಅದಕ್ಕ ತಡ ಆಗ್ತದ," ಎಂದ ದಸ್ತಗೀರ. "ಹಳೇದು ಬಂದಂಗ ತೋರಿಸ್ತದ. ಕೈ ಬರೋಬ್ಬರಿ ಅದ ನಿಂದು."

ಚಂದ್ರಾಮ ಆ ಮೇಜನ್ನೇ ಗಟ್ಟಿಯಾಗಿ ಹಿಡಿದುಕೊಂಡ. "ನಮ್ಮ ಕ್ಯಾಬಿನ್ನಿನಾಗೂ ಮೊದಲ ಡಬ್ಬಾನೇ ಇತ್ತು, ದಸ್ತಗೀರ ಭಾಯ್. ಯುಗಾದಿ ಆದಮ್ಯಾಲ ತಗದು ಹೊಸ ಕ್ಯಾಮೆರಾ, ಹೊಸ ಪರದಿ ಹಾಕ್ಯಾರ."

ಸೋಮವಾರ ಸಾಹೇಬರು, ಚಂದ್ರಾಮ, ಊರುಗೋಲಿನ ಭೀಮಾಶಂಕರ ಮೂವರೂ ಕ್ಯಾಬಿನ್ನಿನಲ್ಲಿದ್ದರು. ಬೇಡವೆಂದರೂ ಕೇಳದೆ ಭೀಮಾಶಂಕರ ಬಂದಿದ್ದ. ಅಣ್ಣಾ ಎಂದೇ ಕರೆಯುವ ಚಂದ್ರಾಮನ ನೌಕರಿ ಉಳಿಯಲಿ ಎಂದೇ ಬಂದಿದ್ದ. ಯಂತ್ರ ನಿಲ್ಲಿಸಿಯಾಗಿತ್ತು. ಚಂದ್ರಾಮ ಕೇಳಿಕೊಂಡಂತೆ, ಯಂತ್ರದ ಬಾಯಿಯ ಹತ್ತಿರ ಒಬ್ಬ ಕೆಲಸಗಾರ ವಾಕಿಟಾಕಿಯ ಗುಂಡಿ ಅದುಮಿಕೊಂಡು ಕಬ್ಬಿಣಕ್ಕೆ ಸುತ್ತಿಗೆಯಿಂದ ಹೊಡೆದ.

ಕ್ಯಾಬಿನ್ನಿನ ವಾಕಿಟಾಕಿಯಲ್ಲಿ ಠಣ್ ಎಂದಿತು. ಪರದೆಯಲ್ಲಿ ಸುತ್ತಿಗೆ ಇನ್ನೂ ಮೇಲೇ ಇತ್ತು. ಆಮೇಲೆ ಕೆಳಗಿಳಿಯಿತು.

"ಇನ್ನೊಮ್ಮೆ," ಎಂದರು ಸಾಹೇಬರು. ಹತ್ತು ಸಲ ಹೊಡೆಸಿದರು. ಹತ್ತೂ ಸಲ ಸದ್ದು ಮೊದಲು, ಸುತ್ತಿಗೆ ಆಮೇಲೆ. ಮೊಬೈಲಿನಲ್ಲಿ ಅಳೆದರೆ ಹತ್ತಿರ ಹತ್ತಿರ ಅರ್ಧ ಸೆಕೆಂಡು. ಸಾಹೇಬರ ಮುಖ ಇಳಿಯಿತು. ಪರದೆಗೆ ಒಪ್ಪಿಗೆ ಕೊಟ್ಟವರು ಅವರೇ. ಆದರೂ ಮನುಷ್ಯ ನೆಟ್ಟಗಿನವರು. ತಪ್ಪು ಪರದೆಯದು, ಚಂದ್ರಾಮನದಲ್ಲ ಎಂದು ಅಲ್ಲೇ ಬರೆದು, ಸಹಿ ಹಾಕಿ, "ನಾಳಿಯಿಂದ ಕೆಲಸಕ್ಕ ಬಾ," ಎಂದರು.

ಚಂದ್ರಾಮನಿಗೆ ಅಷ್ಟು ದಿನದ ಭಾರ ಇಳಿದಂತಾಯಿತು. ಭೀಮಾಶಂಕರನ ಹೆಗಲ ಮೇಲೆ ಕೈ ಇಟ್ಟ. ಭೀಮಾಶಂಕರ ಮಾತ್ರ ವಾಕಿಟಾಕಿಯನ್ನೇ ನೋಡುತ್ತಿದ್ದ.

"ಅಣ್ಣಾ," ಎಂದ ಮೆಲ್ಲಗೆ. "ಆವತ್ತು ನಾ ಅಂಚಿಗೆ ಬರೂಕಿಂತ ಮೊದಲೇ ಇದರಾಗ 'ತಡಿ, ತಡಿ' ಅಂತ ಒದರಿದ್ದೆ. ಸದ್ದಿಗೆ ತಡ ಇಲ್ಲಂದ್ರ ಅದು ನಿನಗ ಕೇಳಿಸಿರಬೇಕಲ್ಲ?"

ಅವನ ಮಾತಿನಲ್ಲಿ ಆರೋಪ ಇರಲಿಲ್ಲ. ಲೆಕ್ಕ ಕೂಡದವನ ಗೊಂದಲವಿತ್ತು, ಅಷ್ಟೇ. ಇಲ್ಲ ಎಂದರೆ ಮುಗಿಯುತ್ತಿತ್ತು. ಕರಕರ ಸದ್ದಿನಲ್ಲಿ ಕೇಳಿಸಲಿಲ್ಲ ಎಂದರೆ ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಸಾಹೇಬರು ಪೆನ್ನಿನ ಟೊಪ್ಪಿಗೆ ಮುಚ್ಚಿ ಕಿಸೆಗೆ ಇಡುತ್ತಿದ್ದರು.

ಚಂದ್ರಾಮ ಅವನ ಹೆಗಲಿನಿಂದ ಕೈ ತೆಗೆದ.

"ಕೇಳಿಸಿತ್ತು, ತಮ್ಮಾ," ಎಂದ. "ಪರದಿ ಮ್ಯಾಲೆ ಯಾರೂ ಇರಲಿಲ್ಲ. ಅದಕ್ಕ ನಾ ಆಗ ಹಿಡಿಕಿ ಹಿಂದಕ್ಕ ಎಳೀಲಿಲ್ಲ."

ಸಾಹೇಬರು ಪೆನ್ನನ್ನು ಮತ್ತೆ ಹೊರಗೆ ತೆಗೆದರು.