ದಿನಕ್ಕೊಂದೇ ಭಯ

ಆ ಮನೆಯಲ್ಲಿ ಅವಳಿಗೆ ದಿನಕ್ಕೆ ಒಂದೇ ಭಯ ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವನು ಅವಳ ತಮ್ಮ, ಮೆಕ್ಯಾನಿಕ್.

"ಅಕ್ಕಾ, ನೀನು ಹಾವು ಕಂಡರೂ ಹಾವು ಅಂತೀಯ, ಹಗ್ಗ ಕಂಡರೂ ಹಾವು ಅಂತೀಯ. ಭಾವ ಯಾವುದಕ್ಕೆ ಅಂತ ಓಡಬೇಕು? ದಿನಕ್ಕೊಂದು ಆರಿಸ್ಕೋ, ಅದನ್ನ ಕೇಳ್ತೀವಿ. ಮಿಕ್ಕಿದ್ದೆಲ್ಲ ನಿನ್ನ ಹೊಟ್ಟೇಲಿರಲಿ."

ಗಂಡ ಅವತ್ತು ನಕ್ಕಿದ್ದ. ಎದೆನೋವು ಬಂದು, ಬಸ್ಸಿನ ಸ್ಟೀರಿಂಗ್ ಬಿಟ್ಟು ಮನೆ ಸೇರಿದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಹಾಗಾಗಿ ಅವಳು ಒಪ್ಪಿಕೊಂಡಳು.

ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದವನನ್ನು ಎಬ್ಬಿಸಿದ್ದು ಡಾಕ್ಟರಲ್ಲ, ಶೆಡ್ಡಿನಲ್ಲಿದ್ದ ಅವನಪ್ಪನ ಕಾಲದ ಕಾರು. ಅದರ ಹಿಂದಿನ ಚಕ್ರ ತಿರುಗಿಸುವ ಆಕ್ಸಲ್ಲಿನ ಹಲ್ಲುಗಳು ಸವೆದು ಹೋಗಿದ್ದವು. ಆ ಹಲ್ಲು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ. ತಮ್ಮ ಗುಜರಿಯಿಂದ ಬೇರೊಂದು ಕಾರಿನ ಆಕ್ಸಲ್ ತಂದುಕೊಟ್ಟ. ಉದ್ದ ಹೊಂದಿತು, ಬ್ರೇಕು ಹೊಂದಿತು, ಚಕ್ರ ಮಾತ್ರ ಒಪ್ಪಲಿಲ್ಲ. ಅದಕ್ಕೂ ನಾಲ್ಕೇ ಬೋಲ್ಟು, ಇದಕ್ಕೂ ನಾಲ್ಕೇ; ಆದರೆ ಬಂದ ಆಕ್ಸಲ್ಲಿನ ಬೋಲ್ಟುಗಳು ನಿಂತ ವೃತ್ತ ಒಂದು ಅಕ್ಕಿಕಾಳಿನಷ್ಟು ದೊಡ್ಡದು.

"ಆಕ್ಸಲ್ಲಿನ ಎರಡೂ ಶಾಫ್ಟ್ ಬಿಚ್ಚಿ ಲೇತಿನವನಿಗೆ ಕೊಡೋಣ ಭಾವ," ಎಂದಿದ್ದ ತಮ್ಮ. "ಹಳೇ ತೂತುಗಳ ನಡುವೆ ಗಟ್ಟಿ ಕಬ್ಬಿಣ ಇದೆಯಲ್ಲ, ಅಲ್ಲಿ ನಮ್ಮ ಚಕ್ರದ ಅಳತೆಗೆ ಹೊಸ ನಾಲ್ಕು ಕೊರೀತಾನೆ."

ಲೇತಿನವನು ಇಂದು ಬಾ ನಾಳೆ ಬಾ ಎಂದ. ಅವನಿಗೆ ಬಿಡುವಾದಾಗ ತಮ್ಮನಿಗೆ ಬಿಡುವಿಲ್ಲ. ಹೀಗೇ ವಾರಗಳು ಸವೆದವು. ಕಾರು ಕಲ್ಲುಗಳ ಮೇಲೆ ಕೂತೇ ಇತ್ತು. ಗಂಡ ಮಧ್ಯಾಹ್ನದ ನಿದ್ದೆಯಿಂದ ಏಳುವುದು ಮತ್ತೆ ತಡವಾಗತೊಡಗಿತು. ಮೊನ್ನೆಯಂತೂ ಊಟದ ತಟ್ಟೆಯ ಮುಂದೆ ಹೇಳಿಬಿಟ್ಟ, "ಈ ಭಾನುವಾರ ಅದು ರಸ್ತೆಗಿಳೀದಿದ್ರೆ ಗುಜರಿಗೆ ಹಾಕ್ತೀನಿ. ಅದಕ್ಕೂ ಸಾಕು, ನನಗೂ ಸಾಕು."

ಶನಿವಾರ ಸಂಜೆ ಅವಳು ಕಾಫಿ ಹಿಡಿದು ಶೆಡ್ಡಿಗೆ ಹೋದಾಗ ಹಿಂದಿನ ಎರಡೂ ಚಕ್ರಗಳು ಕೂತಿದ್ದವು. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಬಿಗಿದ ಗಂಡ ಬೆವರಿ ಹೋಗಿದ್ದ.

"ಕೂತೇಬಿಡ್ತು ನೋಡು! ಬೋಲ್ಟು ಹಟ ಹಿಡೀತು, ನಾನೂ ಹಿಡಿದೆ."

ಅಲ್ಲೇ ತಮ್ಮನಿಗೆ ಫೋನು ಹಚ್ಚಿದ. ಆ ಕಡೆಯ ದನಿ ಅವಳಿಗೂ ಕೇಳಿಸಿತು, "ಅದು ಹೇಗೆ ಕೂತಿತು ಭಾವ?"

"ನಾಳೆ ಬೆಳಗ್ಗೆ ತಲೆ ಬಾಚ್ಕೊಂಡು ಬಾರಯ್ಯ, ಮುಂದಿನ ಸೀಟು ನಿಂದೇ," ಎಂದ ಗಂಡ. ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂಬುದು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತು.

ಬ್ರೇಕಿನ ಮೇಲೆ ಗ್ರೀಸು ಬಿದ್ದಿದೆಯೆಂದು ಅವನು ಒಂದು ಚಕ್ರವನ್ನು ಮತ್ತೆ ಬಿಚ್ಚಿದ. ನಟ್ಟು ಒರೆಸುವುದು ಅವಳ ಪಾಲಿನ ಕೆಲಸ. ಮುಂದಿನ ಚಕ್ರದವನ್ನು ನಿನ್ನೆ ಒರೆಸಿದ್ದಳು. ಅವುಗಳ, ಚಕ್ರಕ್ಕೆ ಒತ್ತಿಕೊಳ್ಳುವ ಇಳಿಜಾರು ಮುಖದಲ್ಲಿ ಸುತ್ತಲೂ ಉಂಗುರದಂತೆ ಹೊಳಪಿತ್ತು. ಇವುಗಳಲ್ಲಿ ಹೊಳಪು ಒಂದೇ ಪಕ್ಕಕ್ಕೆ, ಕತ್ತರಿಸಿದ ಉಗುರಿನಷ್ಟು. ಚಕ್ರದ ತೂತನ್ನು ಸವರಿದಳು. ಅಲ್ಲೂ ಒಂದೇ ಪಕ್ಕ ಉಜ್ಜಿತ್ತು. ನಟ್ಟುಗಳು ಕೂತಿರಲಿಲ್ಲ, ಒರಗಿಕೊಂಡಿದ್ದವು, ಅಷ್ಟೆ.

ಆದರೆ ಇವತ್ತಿನ ಭಯ ಬೆಳಗ್ಗೆಯೇ ಮುಗಿದುಹೋಗಿತ್ತು, "ಒದ್ದೆ ಕೈಲಿ ಸ್ವಿಚ್ ಮುಟ್ಟಬೇಡಿ" ಎಂಬ ಅಷ್ಟು ಸಣ್ಣದಕ್ಕೆ.

ಹೇಳಿದರೆ ಅವನು ಮತ್ತೆ ಗೋಡೆಗೆ ತಿರುಗುತ್ತಾನೆ. ಹೇಳದಿದ್ದರೆ ನಾಳೆ ಇಳಿಜಾರಿನಲ್ಲಿ ಚಕ್ರ ಕಳಚಿಕೊಳ್ಳುತ್ತದೆ, ಒಳಗೆ ಗಂಡ, ಪಕ್ಕದಲ್ಲಿ ತಮ್ಮ. ಅಥವಾ ಏನೂ ಆಗದೆಯೂ ಇರಬಹುದು. ಅವಳ ಎಷ್ಟು ಹಾವುಗಳು ಹಗ್ಗವಾಗಿರಲಿಲ್ಲ?

"ರೀ."

"ಹ್ಞಾಂ."

"ನಾಳೇದನ್ನ ಇವತ್ತೇ ತಗೊಳ್ಳಲಾ?"

"ಏನನ್ನ?"

"ಭಯಾನ."

ಅವನು ತಿರುಗಿ ನೋಡಿದ. ಅವಳು ಅಂಗೈ ಚಾಚಿದಳು. ಅದರಲ್ಲಿ ಎರಡು ನಟ್ಟು, ಹೊಳಪಿನ ಪಕ್ಕ ಮೇಲೆ.

ಅವನು ನಟ್ಟು ಮುಟ್ಟಲೂ ಇಲ್ಲ. ಬಿಚ್ಚಿಟ್ಟ ಚಕ್ರದ ಮೇಲೆ ಮೆಲ್ಲಗೆ ಕುಳಿತ.

"ಗೊತ್ತು ಕಣೇ," ಎಂದ. "ಬಿಗಿಯೋವಾಗಲೇ ಗೊತ್ತಾಯ್ತು. ಮೂವತ್ತು ವರ್ಷ ಜನರನ್ನ ಕೂರಿಸ್ಕೊಂಡು ಓಡಿಸ್ದೋನಿಗೆ ಗೊತ್ತಾಗಲ್ವಾ? ಸಾಕಾಗಿತ್ತು. ಒಂದು ಸುತ್ತು, ಒಂದೇ ಒಂದು ಸುತ್ತು ಅಂತ…"

"ನನಗೂ ಸಾಕಾಗಿದೆ," ಎಂದಳು. "ಹೆದರಿ ಹೆದರಿ."

ಕಾಫಿ ಆರಿಹೋಗಿತ್ತು. ಅವನು ಅದನ್ನೇ ಕುಡಿದ. ಲೋಟ ಕೆಳಗಿಟ್ಟು, "ಹಾಗಾದ್ರೆ ನಾಳೆ ನೀನು ಬಾಯಿ ಬಿಡೋ ಹಾಗಿಲ್ಲ. ಸಾಲ ತಗೊಂಡಿದೀಯ," ಎಂದ. ನಕ್ಕನೋ ಇಲ್ಲವೋ, ಆ ಮಬ್ಬಿನಲ್ಲಿ ಅವಳಿಗೆ ಕಾಣಲಿಲ್ಲ. ಆದರೆ ಎದ್ದು ಇನ್ನೊಂದು ಚಕ್ರಕ್ಕೆ ಪೈಪು ಹಾಕಿ, ಬಿಗಿದದ್ದನ್ನು ಬಿಚ್ಚತೊಡಗಿದ. ಅವಳು ಟಾರ್ಚು ಹಿಡಿದಳು.

ಬೆಳಗ್ಗೆ ತಮ್ಮ ನಿಜಕ್ಕೂ ತಲೆ ಬಾಚಿಕೊಂಡೇ ಬಂದ. ಕಲ್ಲುಗಳ ಮೇಲಿನ ಕಾರನ್ನೂ ನೆಲದ ಮೇಲಿನ ಎರಡು ಶಾಫ್ಟುಗಳನ್ನೂ ನೋಡಿ, "ಮುಂದಿನ ಸೀಟು ಅಂದ್ರಲ್ಲ ಭಾವ, ಇದೇನಾ?" ಎಂದ.

"ನಿನ್ನ ಸ್ಕೂಟರಿನದೇ ಮುಂದಿನ ಸೀಟು, ಹತ್ತು. ಲೇತಿನವನು ಭಾನುವಾರ ಮನೇಲೇ ಇರ್ತಾನೆ. ಇವತ್ತು ಅವನು ಕೊರೆಯೋವರೆಗೆ ನಾನು ಅಲ್ಲಿಂದ ಏಳಲ್ಲ."

ಗಂಡ ಹಿಂದೆ ಕುಳಿತು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಶಾಫ್ಟುಗಳನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡ. ಅವು ಎರಡೂ ಕಡೆ ಮೊಳದುದ್ದ ಚಾಚಿಕೊಂಡವು. ಅವಳ ಬಾಯಿ ತೆರೆಯಿತು, ಮುಚ್ಚಿತು.

ಗೇಟಿನ ಬಳಿ ಅವನು ತಿರುಗಿ ನೋಡಿ, "ಹೇಳು ಪರವಾಗಿಲ್ಲ. ನಾಳೇದು ಇದೆಯಲ್ಲ," ಎಂದ.

ಅವಳು ಒಳಗೆ ಹೋಗಿ ಒಂದು ಕೆಂಪು ಬಟ್ಟೆ ಹುಡುಕಿ ತಂದು, ಎರಡಾಗಿ ಹರಿದು, ಶಾಫ್ಟಿನ ಆ ತುದಿಗೊಂದು ಈ ತುದಿಗೊಂದು ಗಂಟು ಹಾಕಿದಳು. ಅವನು ಸುಮ್ಮನೆ ಕುಳಿತು ಕಟ್ಟಿಸಿಕೊಂಡ.