ಕಾಲು ಮಡಚಬಾರದ ಆರು ಗಂಟೆ

ಬಲಗಾಲು ಮಡಚಬೇಡಿ ಎಂದು ನರ್ಸ್ ಮೂರನೇ ಸಲ ಹೇಳಿದಾಗ ಮೇಸ್ತ್ರಿ ಅವಳನ್ನು ಕೆಕ್ಕರಿಸಿ ನೋಡಿದ. ಗೋದಾಮಿನಲ್ಲಿ ಮೂಟೆ ಹೊರುವ ನಲವತ್ತು ಮಂದಿಯನ್ನು ಬರೀ ಕಣ್ಣಲ್ಲೇ ನಡುಗಿಸುತ್ತಿದ್ದವನು, ಈಗ ದಿಂಬೂ ಇಲ್ಲದೆ ಅಂಗಾತ ಬಿದ್ದುಕೊಂಡು ಸೂರು ನೋಡಬೇಕಾಗಿತ್ತು. ಕೈಯ ರಕ್ತನಾಳ ತೀರಾ ಸಣ್ಣದೆಂದು ಡಾಕ್ಟರು ತೊಡೆಸಂದಿಯಿಂದ ನಳಿಕೆ ತೂರಿಸಿ, ಹೃದಯದ ನಾಳ ಕಟ್ಟಿಕೊಂಡಿದ್ದ ಕಡೆ ಸ್ಟೆಂಟ್ ಕೂರಿಸಿದ್ದರು.

ನರ್ಸ್ ಅವನ ಮಗಳನ್ನು ಹತ್ತಿರ ಕರೆದು ಎಲ್ಲವನ್ನೂ ಬಿಡಿಸಿ ಹೇಳಿದಳು. ಆರು ಗಂಟೆ ಕಾಲು ನೆಟ್ಟಗಿರಬೇಕು, ತಲೆ ಎತ್ತಬಾರದು, ಕೆಮ್ಮು ಬಂದರೆ ತೊಡೆಸಂದಿಯ ಪಟ್ಟಿಯ ಮೇಲೆ ಅಂಗೈ ಊರಿಕೊಂಡೇ ಕೆಮ್ಮಬೇಕು. ಅಲ್ಲಿ ಬೆಚ್ಚಗೆ, ಒದ್ದೆ ಒದ್ದೆ ಅನ್ನಿಸಿದರೆ ಕೂಡಲೇ ಕೂಗಬೇಕು. ತಾನು ಬರುವವರೆಗೆ ಪಟ್ಟಿಗಿಂತ ಸ್ವಲ್ಪ ಮೇಲೆ ಬಲವಾಗಿ ಒತ್ತಿ ಹಿಡಿಯಬೇಕು. ಮಗಳು ತಲೆಯಾಡಿಸಿದಳು. ಬೇಕರಿಯಲ್ಲಿ ಹಿಟ್ಟು ನಾದುವವಳು; ತೋಳಿನ ಕಸುವಿಗೇನೂ ಕೊರತೆಯಿರಲಿಲ್ಲ.

ಎದೆನೋವು ಯಾವಾಗ ಬಂತೆಂದು ಡಾಕ್ಟರು ಕೇಳಿದ್ದಕ್ಕೆ, ಕೆಲಸ ಮಾಡುವಾಗ ಎಂದಷ್ಟೇ ಹೇಳಿದ್ದಳು. ನಿಜವೆಂದರೆ ನಿನ್ನೆ ಬೆಳಗ್ಗೆ ಅವನು ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಬಡಿಯುತ್ತಿದ್ದ. ಚಹಾ ಆರಿತ್ತು, ಅಷ್ಟೇ ತಪ್ಪು. ಮೂರನೇ ಸಲಕ್ಕೆ ಕೈ ಸಡಿಲಾಗಿ, ಎದೆ ಹಿಡಿದುಕೊಂಡು ಅವಳ ಮೇಲೆಯೇ ಕುಸಿದ. ಆ ಭಾರದಡಿ ಸಿಕ್ಕ ಅಮ್ಮನ ಬಲಗೈ ಮುರಿಯಿತು. ಎಡಗೈಯಲ್ಲಿ ಫೋನ್ ತಡಕಾಡಿ ಮಗಳನ್ನು ಕರೆದವಳೂ ಅವಳೇ.

ಎರಡು ಗಂಟೆ ತಣ್ಣಗೆ ಕಳೆಯಿತು. ಆಮೇಲೆ ಮೇಸ್ತ್ರಿ, ನಿಮ್ಮಮ್ಮ ಎಲ್ಲಿ ಎಂದ. ಮಗಳು ಕೇಳಿಸದವಳಂತೆ ಹೊದಿಕೆ ಸರಿಮಾಡಿದಳು. ಮತ್ತೆ ಕೇಳಿದ. ಇನ್ನೂ ನಾಲ್ಕು ಗಂಟೆ ಇವನು ಏಳುವಂತಿಲ್ಲ ಎಂಬ ಧೈರ್ಯವೇ ಅವಳ ಬಾಯಿ ಬಿಡಿಸಿತೋ ಏನೋ.

"ಅಮ್ಮ ನನ್ನ ಮನೇಲಿದಾಳೆ. ಇನ್ಮೇಲೆ ಅಲ್ಲೇ ಇರ್ತಾಳೆ."

"ಯಾರನ್ನ ಕೇಳಿ ಕರ್ಕೊಂಡ್ ಹೋದೆ?"

"ಅವಳನ್ನೇ ಕೇಳಿ."

ಅವನ ಕೈ ಬೀಸಿ ಬಂದದ್ದು ಅವಳಿಗೆ ಕಾಣಲೇ ಇಲ್ಲ. ಕೆನ್ನೆಗೆ ಬಿದ್ದ ಏಟಿಗೆ ಡ್ರಿಪ್ಪಿನ ಕಂಬಕ್ಕೆ ಆತುಕೊಂಡಳು. ಅಷ್ಟರಲ್ಲಿ ಮೇಸ್ತ್ರಿ ಎದ್ದು ಕೂತು, ಬಲಗಾಲು ಮಡಚಿ ಅವಳ ಹೊಟ್ಟೆಗೆ ಜಾಡಿಸಿ ಒದ್ದ. ಕಾಲು ಕೆಳಗಿಳಿಯುವ ಮೊದಲೇ ಅವನ ಮುಖ ಬದಲಾಯಿತು. ಬಿಳಿ ಹೊದಿಕೆ ನೋಡನೋಡುತ್ತಲೇ ಕೆಂಪಾಗಿ, ರಕ್ತ ಮಂಚದ ಅಂಚಿನಿಂದ ನೆಲಕ್ಕೆ ಇಳಿಯತೊಡಗಿತು.

ಹೊಟ್ಟೆ ಹಿಡಿದು ನೆಲದಲ್ಲಿ ಕೂತಿದ್ದ ಮಗಳು ಅದನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ಎದ್ದಳು, ಅವನ ಎದೆಗೆ ಕೈಹಚ್ಚಿ ಹಿಂದಕ್ಕೆ ಕೆಡವಿದಳು, ಸಿಸ್ಟರನ್ನು ಕೂಗಿದಳು, ಪಟ್ಟಿಗಿಂತ ಮೇಲೆ ಎರಡೂ ಅಂಗೈ ಊರಿ ಮೈಭಾರವನ್ನೆಲ್ಲ ಹಾಕಿದಳು. ಕೈಯಡಿ ಅವನ ನಾಡಿ ಪಟಪಟ ಬಡಿಯುತ್ತಿತ್ತು.

"ನೋಯ್ತಿದೆ ಕಣೇ," ಎಂದು ಮೇಸ್ತ್ರಿ ನರಳಿದ.

"ನೋಯಲಿ," ಎಂದು ಇನ್ನಷ್ಟು ಒತ್ತಿದಳು.

ಓಡಿಬಂದ ನರ್ಸ್, ತಾನು ಹಿಡಿಯುತ್ತೇನೆ ಬಿಡಿ ಎಂದು ಎರಡೆರಡು ಸಲ ಹೇಳಬೇಕಾಯಿತು. ರಕ್ತ ನಿಂತ ಮೇಲೆ ಡಾಕ್ಟರು, ತುಸು ತಡವಾಗಿದ್ದರೂ ಆಳು ಕೈಗೆ ಸಿಗುತ್ತಿರಲಿಲ್ಲ ಎಂದರು. ಅವಳ ಕೆನ್ನೆಯ ಮೇಲೆ ಮೂಡಿದ್ದ ಬೆರಳುಗಳನ್ನು ನೋಡಿ, ಮುಂದಿನ ಮಂಚದತ್ತ ನಡೆದರು.

ಕೈ ತೊಳೆದು ಅವಳು ವರಾಂಡದಿಂದ ಅಮ್ಮನಿಗೆ ಫೋನ್ ಮಾಡಿದಳು. ರಕ್ತ ಹರಿದದ್ದನ್ನೂ ತಾನು ಒತ್ತಿ ಹಿಡಿದದ್ದನ್ನೂ ಹೇಳಿದಳು.

"ಉಳ್ಕೋತಾರಾ?" ಎಂದಳು ಅಮ್ಮ.

"ಉಳ್ಕೋತಾರೆ. ನಾಲ್ಕು ದಿನಕ್ಕೆ ಮನೆಗೆ ಕಳಿಸ್ತಾರಂತೆ."

ಕುರ್ಚಿ ಸರಿದ ಸದ್ದು, ನಿಧಾನದ ಹೆಜ್ಜೆಗಳು, ಆಮೇಲೆ ಬಾಗಿಲ ಮೇಲಿನ ಚಿಲಕ ಬಿದ್ದದ್ದು ಫೋನಿನಲ್ಲಿ ಕೇಳಿಸಿತು. ಅಮ್ಮ ಒಂದೇ ಕೈಯಲ್ಲಿ ಎಳೆಯುತ್ತಿದ್ದುದರಿಂದ, ಕೆಳಗಿನ ಚಿಲಕ ಬೀಳಲು ಸ್ವಲ್ಪ ಹೊತ್ತು ಹಿಡಿಯಿತು.